ಕಂಬಕ್ಕೆ ಕಟ್ಟಿದ ಹಗ್ಗ

ನೀರಿನೊಳಗೆ ಇರುವವನು ಮಾತಾಡಲಾರ. ಕೂಗಲಾರ, ಬೈಯಲಾರ. ಅವನ ಪರವಾಗಿ ಮೇಲೆ ನಿಂತು ಮಾತಾಡುವವರು ಯಾರು? ಕಳೆದ ಸೋಮವಾರ ಹನೂರಿನ ಹತ್ತಿರದ ಒಂದು ಬಾವಿಯ ಬಳಿ ಈ ಪ್ರಶ್ನೆ ನನ್ನ ಬೆವರಿಳಿಸಿತು.

ಕೊಳ್ಳೇಗಾಲದಲ್ಲಿ ನನ್ನದು ಹಳೇ ಪಂಪ್‌ಸೆಟ್ ವ್ಯಾಪಾರ ಎಂಬುದು ನಿಮಗೆ ಗೊತ್ತು. (ಗೊತ್ತಿಲ್ಲದವರು ಎಂಥ ಇಂಜಿನ್ ಬೇಕಾದರೂ ತನ್ನಿ, ರೇಟು ಮಾತ್ರ ಮೊದಲು ನೀವೇ ಹೇಳಿ.) ಶಿವಬಸಪ್ಪ ಎಂಬ ಜಮೀನುದಾರರ ಡೀಸೆಲ್ ಇಂಜಿನ್, ಬಾವಿಯೊಳಗಿನ ಮರದ ಅಟ್ಟ ಮುರಿದು ನೀರಿಗೆ ಬಿದ್ದಿತ್ತು. ಎತ್ತಿಕೊಡಲು ಒಪ್ಪಿಕೊಂಡೆ. ಬಾವಿಯ ಮೇಲೆ ಮೂರು ದಪ್ಪ ಮರ ಕೂಡಿಸಿ ನಿಲ್ಲಿಸಿ, ಚೈನ್ ಬ್ಲಾಕ್ ತೂಗುಹಾಕಿದೆ. ಸರಪಳಿ ಈಚೆ ಎಳೆದರೆ ಭಾರ ಅಂಗುಲ ಅಂಗುಲವಾಗಿ ಏಳುತ್ತದೆ, ಆಚೆ ಎಳೆದರೆ ಇಳಿಯುತ್ತದೆ. ಆದರೆ ತಳದ ಕೆಸರಿನಲ್ಲಿ ಕೂತ ಇಂಜಿನ್ನಿಗೆ ಸರಪಳಿಯ ಕಟ್ಟು ಹಾಕುವವರು ಯಾರು?

ಗೋಪಿನಾಥಂನಿಂದ ಮುನಿಯನನ್ನು ಕರೆಸಿದೆ. ಮೀನು ಹಿಡಿಯುವವನು. ತಾನು ಮುಳುಗಿದರೆ ಮೀನುಗಳೇ ದಾರಿ ಬಿಡುತ್ತವೆ ಎಂದು ಹೇಳಿಕೊಳ್ಳುವ ಆಸಾಮಿ. ಕೂಲಿಗೆ ಅವನು ಚೌಕಾಸಿ ಮಾಡಲಿಲ್ಲ. ಷರತ್ತು ಒಂದೇ: ತನ್ನ ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಹೆಂಡತಿ ಪೊನ್ನಮ್ಮನ ಕೈಯಲ್ಲಿರಬೇಕು. ಎರಡು ಸಲ ಜಗ್ಗಿದರೆ ‘ಎತ್ತಿ’, ಒಂದು ಸಲ ಜಗ್ಗಿದರೆ ‘ಇಳಿಸಿ’.

“ಎಂಗಸ್ರ ಕೈಲಿ ಅಗ್ಗವಾ? ನಾವೇನು ಸತ್ತೋಗಿದ್ದೀವಾ?” ಎಂದು ಶಿವಬಸಪ್ಪ ನಕ್ಕರು.

“ನೀವು ಬದ್ಕಿರಿ ಯಜಮಾನ್ರೇ,” ಎಂದಳು ಪೊನ್ನಮ್ಮ. “ನನ್ ಗಂಡನೂ ಬದ್ಕಿರ್ಲಿ.”

ಮೊದಲ ಸಲ ಎತ್ತಿದಾಗ ಇಂಜಿನ್ ಒಂದು ಕಡೆ ವಾಲಿತು. ಕಟ್ಟು ಜಾರುತ್ತಿದೆ. ಮತ್ತೆ ತಳಕ್ಕೆ ಇಳಿಸಿದೆ. ಮುನಿಯ ಮೇಲೆ ಬಂದು, ಬಾವಿಯ ಮೆಟ್ಟಿಲ ಮೇಲೆ ಕೂತು ಉಸಿರು ತೆಗೆದುಕೊಳ್ಳುತ್ತಿದ್ದ.

ಶಿವಬಸಪ್ಪ ಕೆಟ್ಟವರಲ್ಲ. ಒಂದು ಲೋಟ ಹಿಡಿದು ಬಂದರು.

“ಕೊಡವ್ವ ಅಗ್ಗವ, ನಾ ಇಡ್ಕತೀನಿ. ಬಿಸ್ಲಲ್ಲಿ ನಿಂತಿದ್ದೀಯೆ, ಮಜ್ಗೆ ಕುಡಿ.”

ಗಂಡ ಮೆಟ್ಟಿಲ ಮೇಲೆ ಕೂತಿದ್ದಾನಲ್ಲ ಎಂದು ಅವಳು ಕೊಟ್ಟಳು. ಅವಳು ನೆರಳಿಗೆ ಹೋದಳು. ಮುನಿಯ ಮೇಲೆ ನೋಡದೆಯೇ ಕಟ್ಟು ಸರಿಪಡಿಸಲು ಮುಳುಗಿದ.

ಪಕ್ಕದಲ್ಲೇ, ಎತ್ತು ಹೂಡಿ ಕಪಿಲೆಯಲ್ಲಿ ನೀರೆತ್ತುತ್ತಿದ್ದ ಕಾಲದ ಕಲ್ಲುಕಂಬ. ಎತ್ತು ಕಟ್ಟಿ ಕಟ್ಟಿ ಪಳಗಿದ ಕೈ. ಶಿವಬಸಪ್ಪ ಹಗ್ಗವನ್ನು ಕಂಬಕ್ಕೆ ಕಟ್ಟಿ, ನನ್ನ ಪಕ್ಕ ಬಂದು ನಿಂತರು.

“ಎಳೀರಿ ಸಾ, ನಾನೂ ಒಂದ್ ಕೈ ಆಕ್ತೀನಿ.”

ಕಂಬ ನನ್ನ ಬೆನ್ನ ಹಿಂದಿತ್ತು, ಹಗ್ಗ ಕಟ್ಟಿದ್ದು ನನಗೆ ಕಾಣಲಿಲ್ಲ. ಮುನಿಯ ಎರಡು ಸಲ ಜಗ್ಗಿರಬೇಕು, ಅದಕ್ಕೇ ಹೇಳುತ್ತಿದ್ದಾರೆ ಎಂದುಕೊಂಡೆ. ಇಬ್ಬರೂ ಎಳೆದೆವು. ಸರಪಳಿ ಬಿಗಿಯಿತು. ನೀರಿನ ಮೇಲೆ ಗುಳ್ಳೆಗಳು ಬಂದವು. ಆಮೇಲೆ ಬರಲಿಲ್ಲ.

“ಇಳ್ಸಿ ಸಾ! ಇಳ್ಸಿ!”

ಹಿಂದಿನಿಂದ ಪೊನ್ನಮ್ಮನ ಕೂಗು, ಲೋಟ ಬಿದ್ದ ಸದ್ದು. ತಿರುಗಿ ನೋಡಿದೆ. ಕಂಬದಲ್ಲಿ ಹಗ್ಗ ಒಂದು ಸಲ ಜಗ್ಗಿತು: ‘ಇಳಿಸಿ’. ಸ್ವಲ್ಪ ತಡೆದು ಮತ್ತೆ ಅದೇ, ಒಂದು ಸಲ. ಈ ಸಲ ಮೆಲ್ಲಗೆ.

ಸರಪಳಿಯನ್ನು ಆಚೆ ಎಳೆಯತೊಡಗಿದೆ. ಚೈನ್ ಬ್ಲಾಕ್‌ಗೆ ಅವಸರ ಎಂಬುದು ಗೊತ್ತಿಲ್ಲ. ಅಂಗುಲ ಎಂದರೆ ಅಂಗುಲವೇ. ಪೊನ್ನಮ್ಮ ಆಗಲೇ ಮೆಟ್ಟಿಲಿಳಿದು ಕತ್ತಿನವರೆಗೂ ನೀರಿನಲ್ಲಿದ್ದಳು. ಕೊನೆಗೆ ಅವನ ತಲೆ ಕಂಡಿತು. ಅವನು ಎಳೆದುಕೊಂಡ ಆ ಒಂದು ಉಸಿರಿನ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕಟ್ಟು ಸರಿಸಲು ಒಳಗೆ ತೂರಿಸಿದ್ದ ಬಲಗೈ ಮೇಲೆಯೇ ನಾವು ಸರಪಳಿ ಬಿಗಿದಿದ್ದೆವು. ರಕ್ತ ಸುರಿಯುತ್ತಿತ್ತು. ಪುಣ್ಯಕ್ಕೆ ಬೆರಳುಗಳು ಉಳಿದಿದ್ದವು.

“ಬಿಗ್ಯಾಗೇ ಕಟ್ಟಿದ್ನಲ್ಲ ಸಾ,” ಎಂದರು ಶಿವಬಸಪ್ಪ. ಮುಖ ಬಿಳಿಚಿಕೊಂಡಿತ್ತು.

“ಕಂಬುಕ್ಕೆ ಉಸ್ರು ಕಟ್ತದಾ ಯಜಮಾನ್ರೇ?” ಎಂದಳು ಪೊನ್ನಮ್ಮ.

ಕೈಗೆ ಬಟ್ಟೆ ಸುತ್ತಿಕೊಂಡು ಮುನಿಯ ಮತ್ತೆ ಇಳಿದ. (ಬೇಡವೆಂದೆ. “ಅರ್ಧಕ್ಕೆ ಬುಟ್ರೆ ಮೀನು ನಗ್ತಾವೆ” ಎಂದ.) ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ನಿಂತ ಪೊನ್ನಮ್ಮ, ಇಂಜಿನ್ ದಡ ಸೇರುವವರೆಗೂ ಯಾರ ಕಡೆಗೂ ನೋಡಲಿಲ್ಲ.

ಒಂದು ಸಲಹೆ ಕೊಡುತ್ತೇನೆ, ಇದಕ್ಕೆ ರೇಟಿಲ್ಲ. ಮರ ಗಟ್ಟಿಯೇ, ಸರಪಳಿ ಗಟ್ಟಿಯೇ ಎಂದು ಎಲ್ಲರೂ ನೋಡುತ್ತೀರಿ, ನೋಡಿ. ಬಾಯಾರಿದವರನ್ನು ಉಪಚರಿಸಿ, ಅದೂ ಒಳ್ಳೆಯದೇ.

ಹಗ್ಗ ಹಿಡಿದವರ ಕೈಗೆ ಮಾತ್ರ ಮಜ್ಜಿಗೆ ಲೋಟ ಕೊಡಬೇಡಿ.