ಸಾಹೇಬರ ಮನೆ ಮೇಲಿನ ಆಂಟೆನಾ

ಹೋದ ಭಾನುವಾರ ಮಿಷಿಗನ್ನಿನ ಟ್ರಾಯ್ ಊರಿನ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದೆ. ಹಿಂದಿದ್ದ ಹುಡುಗ, ಚೇತನ್ ಅಂತ, ಹೊಸದಾಗಿ ಪಿಕಪ್ ಟ್ರಕ್ ಕೊಂಡವನು, ಕ್ಯಾಟಲಾಗಿನ ಒಂದು ಪುಟವನ್ನು ನನ್ನ ಮೂಗಿನ ಹತ್ತಿರ ಹಿಡಿದ. "ಅಂಕಲ್, ನೀವು ಹಿಂದೆ ಸಿ.ಬಿ. ರೇಡಿಯೋ ಇಟ್ಟಿದ್ರಂತಲ್ಲ. ಮನೆ ಮೇಲೆ ಹಾಕೋಕೆ ಈ ಆಂಟೆನಾ ನೋಡ್ತಿದೀನಿ. ಮಾಮೂಲಿದಕ್ಕಿಂತ ನಾಲ್ಕು ಪಟ್ಟು ರೇಟು. ವರ್ತ್ ಇದೆಯಾ?"

ಚಿತ್ರ ನೋಡಿದೆ. ಅದೇ ಉದ್ದ ಕೊಳವೆ, ಬುಡದಲ್ಲಿ ಅದೇ ನಾಲ್ಕು ಅಡ್ಡಕಡ್ಡಿ. ಬಿಸಿಬೇಳೆಬಾತು ಇನ್ನೂ ತಟ್ಟೆಗೆ ಬಿದ್ದಿರಲಿಲ್ಲ, ಹೊಟ್ಟೆ ಆಗಲೇ ಉರಿಯಲು ಶುರುವಾಗಿತ್ತು. ಹತ್ತು ವರ್ಷದ ಹಿಂದಿನ ಉರಿ. "ಆಮೇಲೆ ಹೇಳ್ತೀನಪ್ಪ" ಎಂದು ಜಾರಿಕೊಂಡೆ.

ಸಿ.ಬಿ. ಅಂದರೆ ಲಾರಿಯವರ ರೇಡಿಯೋ. ಮೈಕಿನ ಗುಂಡಿ ಒತ್ತಿ ಮಾತಾಡಬೇಕು, ಮುಗಿದ ಮೇಲೆ "ಓವರ್" ಎಂದು ಗುಂಡಿ ಬಿಡಬೇಕು, ಆಗ ಅತ್ತ ಕಡೆಯವನ ಸರದಿ. ನಲವತ್ತು ಚಾನೆಲ್ ಇರುತ್ತವೆ, ಲಾರಿಗಳು ಸೇರುವುದು ಹತ್ತೊಂಬತ್ತರಲ್ಲಿ. ಲೈಸೆನ್ಸ್ ಬೇಡ, ಬಿಲ್ಲಿಲ್ಲ. ಎಷ್ಟು ಮೈಲಿ ಕೇಳಿಸುತ್ತದೆ ಎನ್ನುವುದು ಮಾತ್ರ ನಿಮ್ಮ ಆಂಟೆನಾದ ಯೋಗ್ಯತೆ. ಸೆಲ್ ಫೋನ್ ಇನ್ನೂ ಎಲ್ಲರ ಕೈಗೆ ಬರದಿದ್ದ ಕಾಲ ಅದು. ಎಂಜಿನಿಯರಾದ ನನಗೆ ಈ ಲಾರಿ ರೇಡಿಯೋದ ಸಹವಾಸ ಹೇಗಾಯಿತು ಎಂದರೆ ಈರಣ್ಣನ ಕಥೆ ಹೇಳಬೇಕು.

ವಿಕ್ಸಮ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಕೆಲಸ. ಒಂದು ಸಂಜೆ ಸಾಮಾನು ಇಳಿಸುವ ಕಟ್ಟೆಯ ಹತ್ತಿರ ಹೋದಾಗ ಯಾರೋ ಸಿಕ್ಕಿಕೊಂಡ ಪೆಟ್ಟಿಗೆಯೊಂದನ್ನು ಕಾಲಿನಿಂದ ದೂಡುತ್ತ, "ಏ ಹುಚ್ಚಪ್ಯಾಲಿ, ಸರಿ ಅತ್ಲಾಗ" ಎಂದು ಬೈಯುತ್ತಿದ್ದ. ನಾನು ಮೈಸೂರಿನವನು, ಈ ಬೈಗುಳ ನಮ್ಮದಲ್ಲ. ಆದರೂ ಮಿಷಿಗನ್ನಿನ ಚಳಿಯಲ್ಲಿ ಅದನ್ನು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅವನೇ ಗದುಗಿನ ಈರಣ್ಣ. ಸ್ವಂತ ಲಾರಿ ಇಟ್ಟುಕೊಂಡು, ಶಿಕಾಗೋ ಪಕ್ಕದ ಇಟಾಸ್ಕಾದ ಗೋದಾಮಿನಿಂದ ನಮ್ಮ ಕಾರ್ಖಾನೆಗೆ ವಾರಕ್ಕೆ ಮೂರು ದಿನ ಸಾಮಾನು ತರುತ್ತಿದ್ದ. ಲಾರಿ ಖಾಲಿಯಾಗುವಷ್ಟರಲ್ಲಿ ಎರಡು ಗಂಟೆ ಬಿಡುವು. ಯಾರಾದರೂ ಕಾರಿನಲ್ಲಿ ಬಂದು ಕರೆದುಕೊಂಡು ಹೋದರೆ ಅವರ ಮನೆಯಲ್ಲಿ ಊಟ, ಇಲ್ಲದಿದ್ದರೆ ಲಾರಿಯಲ್ಲೇ ಬ್ರೆಡ್ಡು. ನಾನು ಕರೆದುಕೊಂಡು ಹೋಗತೊಡಗಿದೆ. ಅವನು ಮಾತಾಡುತ್ತಿದ್ದರೆ ನನ್ನ ಹೆಂಡತಿ ಉಮಾ ಒಲೆ ಆರಿಸುವುದನ್ನೇ, ಮಗಳು ಅನು ಟಿ.ವಿ. ನೋಡುವುದನ್ನೇ ಮರೆಯುತ್ತಿದ್ದರು. ಅವನು ಬರುವ ಹೊತ್ತು ತಿಳಿಯಲೆಂದೇ ನಾನು ಹಳೇ ಸಾಮಾನಿನ ಮಾರಾಟದಲ್ಲಿ ಒಂದು ರೇಡಿಯೋ, ಒಂದು ಸೊಟ್ಟ ಆಂಟೆನಾ ತಂದು ಮನೆಯ ಚಿಮಣಿಗೆ ಕಟ್ಟಿದ್ದು.

ಖಲೀಲ್ ಸಾಹೇಬರಿಗೆ ಅವನನ್ನು ಪರಿಚಯ ಮಾಡಿಸಿದ್ದೂ ನಾನೇ. ನನ್ನ ಕೈಯಾರೆ. ಲಾರಿಗೆ ಟೈರ್ ಬೇಕು ಎಂದ, ಸಾಹೇಬರದು ಟೈರ್ ಅಂಗಡಿ, ಕರೆದುಕೊಂಡು ಹೋದೆ. ಅವರು ಲಕ್ಷ್ಮೇಶ್ವರದವರು. ಇಬ್ಬರ ಊರೂ ಅಕ್ಕಪಕ್ಕ ಎಂದು ತಿಳಿದ ಮೇಲೆ ನಾನು ಅರ್ಧ ಗಂಟೆ ಟೈರುಗಳ ನಡುವೆ ಸುಮ್ಮನೆ ನಿಂತಿದ್ದೆ. ಅವರು ಮಾತಾಡುವ ವೇಗಕ್ಕೆ ನನ್ನ ಮೈಸೂರು ಕನ್ನಡ ನುಗ್ಗಲು ಜಾಗವೇ ಸಿಗಲಿಲ್ಲ. ಮರುತಿಂಗಳು ಸಾಹೇಬರ ಮನೆಯ ಮೇಲೆ ಆ ಆಂಟೆನಾ ಎದ್ದಿತು.

ಸಾಹೇಬರ ಮನೆ ಇದ್ದದ್ದು ನಮ್ಮ ಪಕ್ಕದ ಊರಿನಲ್ಲಿ. ಬೋರ್ಡಿನಲ್ಲಿ ಓದಿದರೆ ನೋವಿ, ಇಲ್ಲಿಯವರು ಹೇಳುವುದು ನೋವೈ. ನನಗೆ ಮಾತ್ರ ಆ ವರ್ಷವೆಲ್ಲ ಅದು ನೋವೇ. ಯಾಕೆಂದರೆ ಲಾರಿ ಬರುವುದು ನನ್ನ ಮನೆಯ ಕಡೆಯಿಂದ, ಹೆದ್ದಾರಿಯಿಂದ ಇಳಿಯುವ ನನ್ನ ಎಕ್ಸಿಟ್ಟು ಮೊದಲು, ಅವರದು ಆಮೇಲೆ. ಆದರೂ ನನ್ನ ರೇಡಿಯೋದಲ್ಲಿ ಈರಣ್ಣನ ದನಿ ಹತ್ತುವಷ್ಟರಲ್ಲಿ ಅವನು ಐದು ಮೈಲಿ ದೂರಕ್ಕೆ ಬಂದಿರುತ್ತಿದ್ದ, ಇನ್ನೂ ಹಿಂದಿನ ಬ್ರೈಟನ್ ಊರಿನಲ್ಲೇ ಸಾಹೇಬರ ಜೊತೆ ಮಾತು ಮುಗಿದಿರುತ್ತಿತ್ತು. "ಸಾಹೇಬ್ರು ಬ್ರೈಟನ್ನಿನಾಗ ಹಿಡದ್ರು ನನ್ನ, ಸರ. ರೊಟ್ಟಿ ಬಡಿಯಾಕತ್ತಾರಂತ. ಇವತ್ತ ಅಲ್ಲೇ ಹೋಗಿ ಬರ್ತೀನ್ರಿ. ಓವರ್."

ನೀವು ನಗಬಹುದು. ನಲವತ್ತು ದಾಟಿದ ಗಂಡಸು, ಎರಡು ಡಿಗ್ರಿ ಮಾಡಿದವನು, ಒಬ್ಬ ಲಾರಿ ಡ್ರೈವರ್ ಯಾರ ಮನೆಯಲ್ಲಿ ಉಣ್ಣುತ್ತಾನೆ ಎಂದು ಕೊರಗುವುದೇ? ಕೊರಗಿದೆ. ಈರಣ್ಣನನ್ನು ಕಂಡುಹಿಡಿದವನು ನಾನು, ಅವನು ನನ್ನವನು ಎಂದು ನನ್ನ ಲೆಕ್ಕ. ಉಮಾ ಮಾಡಿಟ್ಟ ಅಕ್ಕಿರೊಟ್ಟಿಯನ್ನು ನಾನೊಬ್ಬನೇ ತಿನ್ನುವಾಗ, ಆರು ಮೈಲಿ ಆಚೆ ಅವರು ಜೋಳದ ರೊಟ್ಟಿ ಮುರಿಯುತ್ತ ನಗುತ್ತಿರುವುದು ನನಗೆ ಕಾಣುತ್ತಿತ್ತು. ಸಾಹೇಬರ ಮನೆಯ ಮುಂದೆ ಕೆಲಸವಿಲ್ಲದಿದ್ದರೂ ಡ್ರೈವ್ ಮಾಡಿಕೊಂಡು ಹೋಗಿ, ಅವರ ಆಂಟೆನಾ ಹಿಮದ ಭಾರಕ್ಕೆ ಏನಾದರೂ ಬಗ್ಗಿದೆಯೇ ಎಂದು ನೋಡಿ ಬರುತ್ತಿದ್ದೆ. ಬಗ್ಗುವಂಥ ಮಾಲಲ್ಲ.

ಆ ಉರಿಯನ್ನು ಎಲ್ಲಾದರೂ ಕಾರಬೇಕಲ್ಲ. ಈರಣ್ಣ ಲೈನಿಗೆ ಸಿಕ್ಕಾಗಲೆಲ್ಲ ಹತ್ತೊಂಬತ್ತರಲ್ಲಿ, ನೂರು ಜನ ಅಮೆರಿಕದ ಲಾರಿಯವರ ಮಧ್ಯೆ, "ಇಪ್ಪತ್ತೇಳಕ್ಕೆ ಬಾ ಈರಣ್ಣ" ಎನ್ನುತ್ತಿದ್ದೆ. ಇಬ್ಬರೂ ಇಪ್ಪತ್ತೇಳನೇ ಚಾನೆಲ್ಲಿಗೆ ಹೋಗಿ ಖಾಸಗಿಯಾಗಿ ಮಾತಾಡುತ್ತಿದ್ದೆವು. ಕನ್ನಡದಲ್ಲಿ ಅಂಕಿ ಹೇಳಿದರೆ ಈ ದೇಶದಲ್ಲಿ ಯಾರಿಗೆ ಗೊತ್ತಾಗಬೇಕು! ಸಾಹೇಬರ ದನಿ ನನ್ನ ರೇಡಿಯೋದಲ್ಲಿ ಗೊರಗೊರ ಬಿಟ್ಟು ಬೇರೇನೂ ಆಗಿ ಕೇಳಿಸುತ್ತಿರಲಿಲ್ಲ. ನನಗೆ ಅವರು ಕೇಳಿಸದಿದ್ದರೆ ಅವರಿಗೆ ನಾನೂ ಕೇಳಿಸುವುದಿಲ್ಲ ಎಂದು ಈ ಎಂಜಿನಿಯರ್ ತೀರ್ಮಾನ ಮಾಡಿದ್ದ.

ಇಪ್ಪತ್ತೇಳರಲ್ಲಿ ನಾನು ಆಡಿದ್ದೆಲ್ಲ ಬರೆಯುವಂಥದ್ದಲ್ಲ. ಅವರ ರೊಟ್ಟಿ ಅವರ ಅಂಗಡಿಯ ಟೈರಿನ ಹಾಗಿರುತ್ತದೆ ಎಂದೆ. ಆಂಟೆನಾ ಬರೀ ಶೋಕಿ ಎಂದೆ. ಒಂದು ದಿನ, ಮೂರನೇ ಸಲ ಊಟ ತಪ್ಪಿದ ವಾರ, ಹೀಗೆಂದೆ: "ಅದು ಆಂಟೆನಾ ಅಲ್ಲ ಕಣಯ್ಯ, ಬಲೆ. ಮನೇಲಿ ಮಕ್ಕಳಿಲ್ಲ ಮರಿ ಇಲ್ಲ, ಮಾತಾಡ್ಸೋಕೆ ಯಾರಾದ್ರೂ ಬೇಕಲ್ಲ. ದಾರೀಲಿ ಹೋಗೋರನ್ನ ಹಿಡಿದು ಎಳ್ಕೊತಾರೆ. ಓವರ್."

ಈರಣ್ಣ, "ಹಂಗ ಅನಬಾರದ್ರೀ ಸರ" ಎಂದ. ಅವನು ಸಾಹೇಬರ ಉಪ್ಪು ತಿಂದಿದ್ದಾನೆ, ಅದಕ್ಕೆ ಹೀಗೆ ಎಂದುಕೊಂಡೆ.

ಇದಾದ ಎರಡು ವಾರಕ್ಕೆ ನಾನೂ ಅದೇ ಆಂಟೆನಾ ಕೊಳ್ಳುವುದು ಎಂದು ನಿಶ್ಚಯವಾಯಿತು. ನಿಶ್ಚಯ ಎಂದರೆ, ಆಫೀಸಿನಲ್ಲಿ ಕಾಗದದ ಮೇಲೆ ಗೆರೆ ಎಳೆದು ಒಂದು ಬದಿಗೆ ಅದರ ಗುಣ, ಇನ್ನೊಂದು ಬದಿಗೆ ಅವಗುಣ ಬರೆಯುವ ಮಟ್ಟಿಗೆ. ಗಾಳಿ ತಡೆಯುತ್ತದೆ, ಕೊಳವೆ ದಪ್ಪ, ಕೀಲುಗಳು ಸಡಿಲವಾಗುವುದಿಲ್ಲ. ಆದರೆ ನಾಲ್ಕು ಪಟ್ಟು ಬೆಲೆಗೆ ನಾಲ್ಕು ಪಟ್ಟು ದೂರ ಕೇಳಿಸುತ್ತದೆಯೇ? ಕ್ಯಾಟಲಾಗು ನಂಬುವ ಜಾತಿ ನನ್ನದಲ್ಲ. ಕಣ್ಣಾರೆ, ಅಲ್ಲ, ಕಿವಿಯಾರೆ ಪರೀಕ್ಷೆ ಮಾಡಬೇಕು. ನಾಚಿಕೆ ಬಿಟ್ಟು ಒಂದು ಶನಿವಾರ ಮಧ್ಯಾಹ್ನ ಸಾಹೇಬರ ಮನೆಗೆ ಹೋದೆ.

ಸಾಹೇಬರು ಬಾಗಿಲಲ್ಲೇ ಕೈ ಹಿಡಿದುಕೊಂಡರು. ಏಣಿ ಹಾಕಿ ಮೇಲೆ ಹತ್ತಿಸಿ ಒಂದೊಂದು ಕೀಲನ್ನೂ ತೋರಿಸಿದರು. ರೇಡಿಯೋ ನೆಲಮಾಳಿಗೆಯಲ್ಲಿ ಇರುತ್ತದೆ ಎಂದುಕೊಂಡಿದ್ದೆ. ಅದು ಅಡುಗೆಮನೆಯಲ್ಲಿತ್ತು, ಒಲೆಯ ಪಕ್ಕ, ಹಿಟ್ಟಿನ ಡಬ್ಬಿಯ ಮೇಲೆ. ಅವರ ಹೆಂಡತಿ ಜುಬೇದಾ ಭಾಬಿ ರೊಟ್ಟಿ ಬಡಿಯುತ್ತಿದ್ದರು.

"ಮನಿಗೆ ಫೋನ್ ಹಚ್ರಿ. ಅವ್ರಿಗೆ ಮೈಕಿನಾಗ ಏನರ ಮಾತಾಡಾಕ ಹೇಳ್ರಿ, ಹೆಂಗ ಕೇಳ್ತೈತಿ ನೋಡ್ರಿ" ಎಂದರು ಸಾಹೇಬರು.

ಫೋನ್ ಮಾಡಿ ಉಮಾಗೆ ಹೇಳಿದೆ. ಅರೆ ನಿಮಿಷಕ್ಕೆ ಅವಳ ದನಿ ಬಂತು. "ಏನು ಮಾತಾಡ್ಬೇಕು ಇದ್ರಲ್ಲಿ? ಕೇಳ್ತಾ ಇದೆಯಾ?" ಅವಳು ಆ ಅಡುಗೆಮನೆಯಲ್ಲೇ ನಿಂತಂತಿತ್ತು. ಹಿಂದೆ ನಮ್ಮ ಕುಕ್ಕರ್ ಕೂಗಿದ್ದು, ಅವಳು "ಅಯ್ಯೋ" ಎಂದದ್ದು, ಎಲ್ಲ. ನನಗೆ ಖುಷಿಯಾಯಿತು. ಕೊಂಡೇಬಿಡಬೇಕು ಎನ್ನಿಸಿತು. ಆಮೇಲೆ, ಈ ಮನೆಯಲ್ಲಿ ಕೇಳಿಸುತ್ತಿರುವುದು ನನ್ನ ಮನೆ ಎಂದು ಹೊಳೆಯಿತು.

"ಯಾವಾಗಲೂ ಹೀಗೇ ಕೇಳುತ್ತಾ?" ಎಂದೆ.

ಭಾಬಿ ರೊಟ್ಟಿಯನ್ನು ಹೆಂಚಿನ ಮೇಲೆ ಹಾಕಿದರು. "ಯಾವಾಗ್ಲೂ ಅಣ್ಣಾರ. ಇಪ್ಪತ್ತೇಳೂ ಹಿಂಗ ಕೇಳ್ತೈತಿ."

ಸಾಹೇಬರು ಕಿಟಕಿಯ ಹೊರಗೆ ನೋಡುತ್ತಿದ್ದರು. ಭಾಬಿ ನನ್ನ ಮುಂದೆ ತಟ್ಟೆಯಿಟ್ಟು, "ತಿನ್ರಿ, ಮೆತ್ತಗದಾವು" ಎಂದರು. ತಿಂದೆ. ನಿಜಕ್ಕೂ ಮೆತ್ತಗಿದ್ದವು. ಕ್ಷಮೆ ಮಾತ್ರ ಕೇಳಲಿಲ್ಲ. ಆಂಟೆನಾ ಚೆನ್ನಾಗಿದೆ ಎಂದಷ್ಟೇ ಹೇಳಿ ಎದ್ದು ಬಂದೆ.

ಅದೇ ಸಂಜೆ ನನ್ನ ರೇಡಿಯೋ ಕಿತ್ತು ಪೆಟ್ಟಿಗೆಯಲ್ಲಿ ತುಂಬಿ ಗ್ಯಾರೇಜಿಗೆ ಹಾಕಿದೆ. ಕೆಟ್ಟುಹೋಗಿದೆ ಎಂದು ಮನೆಯಲ್ಲಿ ಹೇಳಿದೆ. ಈರಣ್ಣ ಇನ್ನೊಂದು ವರ್ಷ ಬಂದ, ಆಮೇಲೆ ಅವನ ದಾರಿ ಬದಲಾಯಿತು. ಸಾಹೇಬರು ಮದುವೆ ಮುಂಜಿಗಳಲ್ಲಿ ಸಿಕ್ಕಾಗಲೆಲ್ಲ ಮೊದಲಿನಂತೆಯೇ ಕೈ ಹಿಡಿದು ಮಾತಾಡಿಸಿದರು. ಅವರು ಅಷ್ಟು ಒಳ್ಳೆಯವರಾಗಿರುವುದೂ ನನಗೆ ಹೊಟ್ಟೆಯುರಿಯ ವಿಷಯವೇ ಆಗಿತ್ತು.

ಹೋದ ಭಾನುವಾರ ದೇವಸ್ಥಾನದಿಂದ ಬಂದ ಮೇಲೆ ಸಾಹೇಬರ ಮನೆಗೆ ಫೋನ್ ಮಾಡಿದೆ. ಚೇತನನ ಆಂಟೆನಾ ಬರೀ ನೆವ. ಸಾಹೇಬರು ನಮಾಜಿಗೆ ಹೋಗಿದ್ದರು, ಭಾಬಿ ತೆಗೆದುಕೊಂಡರು. ಮಾತು ಸುತ್ತಿ ಬಳಸದೆ ಹೇಳಿಬಿಟ್ಟೆ. "ಭಾಬಿ, ಅವತ್ತು ನಾನು ಇಪ್ಪತ್ತೇಳರಲ್ಲಿ ಮಕ್ಕಳ ವಿಷಯ ಆಡಿದ್ನಲ್ಲ, ತಪ್ಪಾಯ್ತು."

"ಅದನ್ನ ಕೇಳಿದ ದಿನ ಸಾಹೇಬ್ರು ಊಟ ಮಾಡ್ಲಿಲ್ಲ" ಎಂದರು ಭಾಬಿ. "ಮರುದಿನ ಮಾಡಿದ್ರು. ಅದು ಹೋಗ್ಲಿ ಬಿಡ್ರಿ. ನೀವು ರೇಡಿಯೋ ಬಂದ್ ಮಾಡಿದ್ರಲ್ಲ, ಅದಕ್ಕ ಭಾಳ ಸಿಟ್ಟಿತ್ತು ನಮಗ."

"ಯಾಕೆ ಭಾಬಿ?"

"ನಿಮ್ಮ ಅನು ಮಾತಾಡ್ತಿದ್ಲಲ್ರೀ. ನಾಕಕ್ಕ ಸಾಲಿಯಿಂದ ಬಂದಾಕಿ, ದಿನಾ. 'ಈರಣ್ಣ ಮಾಮ, ಈರಣ್ಣ ಮಾಮ, ನಮ್ಮ ಕ್ಲಾಸಿನ ಮೊಲ ಸತ್ತೋಯ್ತು, ಓವರ್' ಅಂತಿದ್ಲು. ಈರಣ್ಣ ಎಲ್ಲಿರ್ತಿದ್ನೋ ಏನೋ. ಸಾಹೇಬ್ರು ಅಂಗಡಿ ಬಿಟ್ಟು ಮನಿಗೆ ಬರ್ತಿದ್ರು ಕೇಳಾಕ. ನಾವು ಜವಾಬು ಕೊಡ್ತಿದ್ದಿಲ್ಲ, ಎಲ್ಲಿ ಅಂಜತಾಳೋ ಅಂತ."

"ಕನ್ನಡದಲ್ಲಾ?" ಎಂದೆ.

"ಹೂಂ ಮತ್ತ. ಎಲ್ಲಾ ಕನ್ನಡದಾಗ."

ಅನು ಆಗ ಮೂರನೇ ಕ್ಲಾಸು. ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಒಂದು ಪದ ಎಸೆದು ಟಿ.ವಿ. ಕಡೆ ತಿರುಗುತ್ತಿದ್ದವಳು. ಈಗ ಕಾಲೇಜಿನಲ್ಲಿದ್ದಾಳೆ, ಫೋನಿನಲ್ಲಿ ಈಗಲೂ ಅಷ್ಟೇ. ಮೊಲ ಸತ್ತದ್ದು ನನಗೆ ಗೊತ್ತಿರಲಿಲ್ಲ. ಮೊಲ ಇದ್ದದ್ದೂ ಗೊತ್ತಿರಲಿಲ್ಲ. ಒಂದು ವರ್ಷ ನನ್ನ ಮಗಳು ದಿನವೂ ಆಡಿದ ಮಾತು ಅವರ ಅಡುಗೆಮನೆಯಲ್ಲಿ ಕೇಳಿಸಿತ್ತು. ಹತ್ತು ವರ್ಷದ ಹಿಂದಿನ ಹೊಟ್ಟೆಕಿಚ್ಚು ಮತ್ತೆ ಎದ್ದಿತು, ಈ ಸಲ ಅದರ ಬಗ್ಗೆ ನನಗೆ ನಾಚಿಕೆಯಾಗಲಿಲ್ಲ.

"ಇನ್ನೇನು ಹೇಳ್ತಿದ್ಲು ಭಾಬಿ?" ಎಂದು ಕೇಳಿ, ಕುರ್ಚಿ ಎಳೆದುಕೊಂಡು ಕೂತೆ.