ಅಕ್ಕ ಎತ್ತದ ಕೈ

ಸೆಲ್ಲಿ ಓಕ್‌ನ ಬಾಡಿಗೆ ಮನೆಯಲ್ಲಿ ವಿದೇಶಕ್ಕೆ ಓದಲು ಬಂದ ನಾವು ನಾಲ್ವರು ಕನ್ನಡದ ಹುಡುಗಿಯರು, ಒಂದೇ ಅಡುಗೆಮನೆ. ಯುರೋಪಿನ ದೇಶಗಳ ಒಕ್ಕೂಟದಲ್ಲಿ ಸರ್ಕಾರಗಳು ಸೇರಿ ಹೇಗೆ ತೀರ್ಮಾನ ಮಾಡುತ್ತವೆ ಎಂಬುದು ನನ್ನ ಓದಿನ ವಿಷಯ. ಓದಿದ್ದನ್ನು ಮನೆಯವರ ಮೇಲೆ ಪ್ರಯೋಗಿಸದಿದ್ದರೆ ನನಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಬಾತ್‌ರೂಮ್ ತೊಳೆಯುವ ಸರದಿ, ಮನೆ ಬೆಚ್ಚಗಿಡುವ ಹೀಟಿಂಗ್ ಇವಕ್ಕೆಲ್ಲ ಬಹುಮತ ಸಾಕು. ಅಡುಗೆಮನೆಯ ವಿಷಯಕ್ಕೆ ಮಾತ್ರ ಸರ್ವಾನುಮತ ಬೇಕು, ಒಬ್ಬರು ಬೇಡವೆಂದರೂ ಮುಗಿಯಿತು ಎಂದು ನಾನೇ ಕಾನೂನು ಬರೆದು ಫ್ರಿಜ್ಜಿಗೆ ಅಂಟಿಸಿದ್ದೆ.

ನಮ್ಮಲ್ಲಿ ಹಿರಿಯರು ಬಾಗಲಕೋಟೆಯ ಅಕ್ಕ. ಲಿಂಗಪೂಜೆಯಾಗದೆ ಚಹಾ ಕೂಡ ಮುಟ್ಟದವರು. ಅವರಿಗೋಸ್ಕರ ಅಡುಗೆಮನೆ ಪೂರ್ತಿ ಸಸ್ಯಾಹಾರಿ. ಕುಂದಾಪುರದ ಹುಡುಗಿ ಎರಡು ತಿಂಗಳು ನಮ್ಮ ಬೇಳೆಸಾರು ತಿಂದು ಸೊರಗಿದಳು, ಪಾಪ.

"ವಾರಕ್ಕೊಂದು ಸಲ ಮೀನು ಹುರಿಲಿಕ್ಕೆ ಬಿಡಿ ಮಾರಾಯ್ರೆ. ಇಲ್ಲದಿದ್ರೆ ನಾನು ಬೇರೆ ಮನೆ ನೋಡ್ತೇನೆ" ಎಂದಳು ಒಂದು ದಿನ.

ಈ ಊರಲ್ಲಿ ನನ್ನನ್ನು ನಗಿಸುತ್ತಿದ್ದವಳು ಅವಳೊಬ್ಬಳೇ.

ಭಾನುವಾರ ಸಭೆ ಕರೆದೆ. ನನ್ನದು, ಅವಳದು, ನಾಲ್ಕನೆಯವಳಾದ ತುಮಕೂರಿನವಳದು, ಹೀಗೆ ಮೂರು ಕೈ ಎದ್ದವು. ಅಕ್ಕ ಮಾತ್ರ ಕಿಟಕಿ ನೋಡುತ್ತಾ ಕೂತಿದ್ದರು. ನನಗೆ ರೇಗಿಹೋಯಿತು. "ಸರ್ವಾನುಮತ ಇಲ್ಲ. ಮೀನೂ ಇಲ್ಲ!" ಎಂದು ನೋಟ್‌ಬುಕ್ ಮುಚ್ಚಿದೆ. ಕುಂದಾಪುರದವಳು ಕೋಟು ಹಾಕಿಕೊಂಡು, ಯಾರೋ ಹೇಳಿದ್ದ ರೂಮು ನೋಡಲು ಹೊರಟೇಬಿಟ್ಟಳು.

ನಾನು ಅಕ್ಕನ ಮೇಲೆ ಹರಿಹಾಯ್ದೆ. "ಅವಳು ಹೋಗ್ಲಿ ಅಂತಾನಾ ನಿಮಗೆ?"

"ಅಯ್ಯ, ನಾ ಯಾವಾಗ ಬ್ಯಾಡ ಅಂದೆ?" ಅಕ್ಕ ಕಣ್ಣರಳಿಸಿದರು. "ತಿಂಗಳಿಂದ ಒಲಿ ಮುಂದ ನಿಂತು ಪಾಠ ಒದರಾಕತ್ತಿ. ಸರ್ವಾನುಮತದಾಗ ಯಾರರ ಮತ ಹಾಕದ ಸುಮ್ಮನ ಕುಂತ್ರ ತೀರ್ಮಾನ ನಿಲ್ಲೂದಿಲ್ಲ ಅಂತ ನೀನ ಅಂದಿದ್ದೆಲ್ಲ? ಹೂಂ ಅನ್ನಾಕ ಕೊಳ್ಳಾಗಿನ ಲಿಂಗ ಬಿಡಲಿಲ್ಲ. ಒಲ್ಲೆ ಅನ್ನಾಕ ಮನಸ್ಸು ಬರಲಿಲ್ಲ. ಅದಕ್ಕ ಸುಮ್ಮನ ಕುಂತೆ. ಓದಿದಾಕಿ, ನಿನಗ ತಿಳಿತೈತಿ ಅಂದ್ಕೊಂಡೆ."

ಹೌದಲ್ಲ! ಆ ಒಕ್ಕೂಟದಲ್ಲಿ ಬೇಡವೆಂದ ದೇಶವಷ್ಟೇ ತಡೆಯಬಲ್ಲದು, ಸುಮ್ಮನಿದ್ದ ದೇಶವಲ್ಲ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು ಕೋಪದಲ್ಲಿ ಮರೆತೇಹೋಗಿತ್ತು. ನಾಚಿಕೆಯಿಂದ ಸತ್ತೇಹೋದೆ.

ಕೂಡಲೇ ಅವಳಿಗೆ ಫೋನ್ ಮಾಡಿದೆ. "ರೂಮು ಗೀಮು ಏನೂ ಬೇಡ, ವಾಪಸ್ ಬಾರೇ. ಮೀನು ಪಾಸಾಗಿದೆ."

"ಹೌದಾ? ಅಕ್ಕ ಒಪ್ಪಿದ್ರಾ?"

ಅಕ್ಕ ಆಗಲೇ ಮೀನು ತಾಕದಂತೆ ತಮ್ಮ ಪಾತ್ರೆಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ತಮ್ಮ ರೂಮಿಗೆ ಮೆಟ್ಟಿಲು ಹತ್ತುತ್ತಿದ್ದರು.

"ಒಪ್ಪಿಲ್ಲ ಕಣೇ" ಎಂದೆ. "ನಿನ್ನನ್ನ ಬಿಟ್ಟುಕೊಡಲಿಲ್ಲ, ಅಷ್ಟೇ."