ಆಯಿ ನೆಲದಿಂದ ಎದ್ದ ದಿನ

ಚಳಿ ಬೀಳುವ ಮುನ್ನ ಟ್ರಂಕಿನಿಂದ ಕೌದಿ ತೆಗೆದು, ಯಾದಗಿರಿಯ ಈ ಮನೆಯ ಮಾಳಿಗೆಯ ಮೇಲೆ ಬಿಸಿಲಿಗೆ ಹರಡುತ್ತೇನೆ. ಮಡಿಕೆಗಳ ನಡುವಿನ ಬೇವಿನೆಲೆ ಪುಡಿಯಾಗಿ ಉದುರುತ್ತದೆ. ಕೌದಿಯೊಳಗೆ ಹೊಲಿದ ಹಳೆಯ ಸೀರೆ, ಧೋತರಗಳು ಬಿಸಿಲು ಕುಡಿದು ಬಿಡುವ ವಾಸನೆ ಸ್ವಲ್ಪ ಕಹಿ, ಸ್ವಲ್ಪ ಮನುಷ್ಯರ ಮೈಯಂಥದು. ನಿಮ್ಮ ಮನೆಯಲ್ಲೂ ಇಂಥದೊಂದು ವಾಸನೆ ಎಲ್ಲೋ ಉಳಿದಿರಬೇಕು. ನನಗಂತೂ ಅದು ಮೂಗಿಗೆ ತಾಗಿದೊಡನೆ ಶಹಾಪುರದ ನಮ್ಮ ಪಡಸಾಲೆ ಕಾಣುತ್ತದೆ: ಪರಸಿ ಕಲ್ಲಿನ ತಂಪು ನೆಲ, ಅದರ ಮೇಲೆ ಹಾಸಿದ ಅರ್ಧ ಹೊಲಿದ ಕೌದಿ, ಅದರ ನಾಲ್ಕೂ ಅಂಚಿಗೆ ಕೂತ ಓಣಿಯ ಹೆಂಗಸರು. ನಡುವೆ ನಮ್ಮ ಅಪ್ಪನ ತಾಯಿ, ನಮ್ಮ ಆಯಿ. ಸೂಜಿಯನ್ನು ಸೆರಗಿನ ಅಂಚಿಗೆ ಚುಚ್ಚಿಕೊಂಡು, ದಾರವನ್ನು ಹಲ್ಲಿನಿಂದಲೇ ಕಡಿಯುತ್ತಿದ್ದಳು. ಎಪ್ಪತ್ತು ದಾಟಿದರೂ ಬಾವಿಗೆ ಹೋಗುವವಳು, ಕೂತಲ್ಲಿಂದ ಗೋಡೆ ಹಿಡಿಯದೆ ಏಳುವವಳು.

ಅವಳನ್ನು ಕೆಡಿಸಿದವಳು ನಾನು. ಕಾನ್ವೆಂಟಿನಲ್ಲಿ ನಮಗೊಂದು ಸಣ್ಣ ನೋಟ್‌ಬುಕ್ ಇತ್ತು. ದಿನಕ್ಕೊಂದು ಒಳ್ಳೆಯ ಕೆಲಸ ಮಾಡಿ ಬರೆದರೆ ಸಿಸ್ಟರ್ ಕೆಂಪು ಶಾಯಿಯಲ್ಲಿ ನಕ್ಷತ್ರ ಹಾಕುತ್ತಿದ್ದರು. ನನಗೆ ದಿನಕ್ಕೆ ನಾಲ್ಕೈದು ಬೇಕಿತ್ತು. ಆಯಿಯ ಕೈಯ ಕೊಡ ಕಸಿದುಕೊಂಡೆ, ಕಸಬರಿಗೆ ಕಸಿದುಕೊಂಡೆ, ಅವಳು ಏಳುವ ಮೊದಲೇ ಚಾ ತಂದಿಟ್ಟೆ. ಅಪ್ಪ ಇದನ್ನು ಕಂಡು ಹಿಗ್ಗಿ, ಒಂದು ಮಂಚ ಮಾಡಿಸಿ, ಪಕ್ಕದಲ್ಲೊಂದು ಕುರ್ಚಿ ಇಟ್ಟ. ಆಯಿ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ. ಈಗ ಮಧ್ಯಾಹ್ನದ ಹೊತ್ತು ನನ್ನ ಫೋನಿನಲ್ಲಿ ನೂರರ ಹತ್ತಿರ ಬಂದ ದೇಶದೇಶದ ಮುದುಕಿಯರನ್ನು ತೋರಿಸುತ್ತಾರೆ. ಜಪಾನಿನವಳು ಕುಕ್ಕರಗಾಲಿನಲ್ಲಿ ಕೂತು ಕಳೆ ಕೀಳುತ್ತಾಳೆ, ಇಟಲಿಯವಳು ಗುಡ್ಡದ ಮೆಟ್ಟಿಲು ಹತ್ತಿ ಗೆಳತಿಯ ಮನೆಗೆ ಮಾತಾಡಲು ಹೋಗುತ್ತಾಳೆ. ಅವರಿಗೆ ನನ್ನಂಥ ಒಳ್ಳೆಯ ಮೊಮ್ಮಗಳು ಇರಲಿಲ್ಲವೆಂದು ಕಾಣುತ್ತದೆ.

ಒಂದು ದಿನ ಆಯಿಯ ಓರಗೆಯ ಬಸಮ್ಮ ಎದುರು ಮನೆಯಿಂದ ಬಂದಳು. ನಾನು ಬಾಗಿಲ ಹಿಂದೆ ಇದ್ದೆ.

"ಏನವ್ವಾ ದೊರಿಸಾನಿ, ಕಾಲಿಗಿ ಮೆಹಂದಿ ಹಚ್ಚಿಕೊಂಡೀಯೇನು? ನೆಲಕ್ಕ ಇಳಿಯಂಗೇ ಇಲ್ಲಲ್ಲ!"

"ಇಳಿಯಾಕ ಬರ್ತದ ಬಸವ್ವಾ. ಏಳಾಕ ಬರವಲ್ದು," ಎಂದಳು ಆಯಿ. ಆಮೇಲೆ ದನಿ ತಗ್ಗಿಸಿ, "ಕೂಸು ಪುಣ್ಯಾ ಮಾಡಾಕತ್ತದ. ಹ್ಯಾಂಗ ಬ್ಯಾಡನ್ನಲಿ?"

"ಅದರ ಪುಣ್ಯಾದಾಗ ನಿನ್ನ ಮಣಕಾಲ ಹೋದ್ವು ನೋಡು! ನನ್ನ ಮೊಮ್ಮಗಳ ಕೂಸಿನ ಕೌದಿ ಮುಗಿಯಾಕ ಬಂದದ. ಹೊಟ್ಟಿ ಯಾರು ತುಂಬಬೇಕು? ನಾನಂತೂ ತುಂಬಾಂಗಿಲ್ಲ, ನಿನಗಿಂತ ಸಣ್ಣಾಕಿ ನಾ."

"ಹಲ್ಲಿಲ್ಲದ ಸಣ್ಣಾಕಿ!" ಎಂದು ಆಯಿ ನಕ್ಕಳು. ನನಗೆ ನಗು ಬರಲಿಲ್ಲ.

ನಮ್ಮ ಓಣಿಯಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚುತ್ತಿರಲಿಲ್ಲ. ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರೊಂದನ್ನಿಟ್ಟು ಹೊಲಿಯುತ್ತಿದ್ದರು, ಅದೇ ಕೌದಿಯ ಹೊಟ್ಟೆ ತುಂಬುವುದು. ಇಡುವ ಕೈ ಓಣಿಯ ಹಿರಿಯಳದು, ಅದೂ ಕೌದಿಯ ಮೇಲೆಯೇ ಕೂತು. ಆಯಿ ಇಳಿಯದಿದ್ದರೆ ಆ ಹಿರಿತನ ಅವಳಿಂದ ಜಾರಿ ಹೋಗುತ್ತಿತ್ತು. ಮರುದಿನದಿಂದ ನಾನು ಚಾ ಒಯ್ಯಲಿಲ್ಲ. ಅವ್ವ ಬೈದಳು, ನೋಟ್‌ಬುಕ್ಕಿನ ಪುಟಗಳು ಖಾಲಿ ಹೋದವು. ಆಯಿ ಗೋಡೆ ಹಿಡಿದು ಒಲೆಯವರೆಗೆ, ಎಂಟು ದಿನಕ್ಕೆ ಅಂಗಳದವರೆಗೆ, ತಿಂಗಳಾಗುವಷ್ಟರಲ್ಲಿ ಬಸಮ್ಮನ ಹೊಸ್ತಿಲವರೆಗೆ ಹೋಗಿ ಬಂದಳು. ಕೌದಿ ಮಾತ್ರ ಕಾದಿತ್ತು. ಹೆಂಗಸರು ಹಾಕಿದ ಹೊಲಿಗೆಯನ್ನೇ ಬಿಚ್ಚಿ ಮತ್ತೆ ಹಾಕುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು.

ಕೊನೆಗೆ ಹೊಟ್ಟೆ ತುಂಬುವ ದಿನ ಆಯಿ ಕೌದಿಯ ಮೇಲೆ ಇಳಿದು ಕೂತಳು. ರೊಟ್ಟಿಯ ಚೂರಿಟ್ಟು, ಹೊಲಿದು, ದಾರ ಕಡಿದಳು. ಇನ್ನು ಏಳಬೇಕಿತ್ತು. ಎರಡೂ ಅಂಗೈ ನೆಲಕ್ಕೂರಿ ಒಂದು ಮೊಣಕಾಲೆತ್ತಿದಳು, ಕೂತಳು. ಮತ್ತೆ ಎತ್ತಿದಳು. ಗಾಜಿನ ಬಳೆಗಳು ಕಿಣಿಕಿಣಿ ಎನ್ನುತ್ತಿದ್ದವು. ಅವ್ವ ಮುಂದೆ ಧಾವಿಸಿದಳು. ನಾನು ಅವಳ ಸೆರಗು ಹಿಡಿದು ಜಗ್ಗಿದೆ. ಬಸಮ್ಮ ಯಾರದೋ ಸೊಸೆಯ ಮಾತು ತೆಗೆದಳು, ಎಲ್ಲರೂ ಖಾಲಿ ಸೂಜಿಗಳನ್ನೇ ನೋಡತೊಡಗಿದರು. ಆಯಿ ಎದ್ದಳು. ಸೀರೆ ಕೊಡವಿಕೊಂಡು, "ಚಾ ಯಾರ್ಯಾರಿಗಿ ಬೇಕು?" ಎಂದಳು.

ಆ ಹೆಂಗಸರಲ್ಲಿ ಈಗ ಯಾರೂ ಇಲ್ಲ. ರಸ್ತೆ ಅಗಲವಾದಾಗ ಪಡಸಾಲೆಯೂ ಹೋಯಿತು. ಆಯಿ ಹೋದದ್ದು ಅದಕ್ಕೂ ಮೊದಲು, ನನ್ನ ಮದುವೆಯ ಹಿಂದಿನ ವರ್ಷ. ಬೆಳಿಗ್ಗೆ ತಾನೇ ನೀರು ಕಾಯಿಸಿಕೊಂಡು ಮೈತೊಳೆದು, ಸೀರೆ ಹಿಂಡಿ ಹಗ್ಗಕ್ಕೆ ಹಾಕಿ, ಗೋಡೆಗೊರಗಿ ಕೂತವಳು ಹಾಗೆಯೇ ಹೋಗಿದ್ದಳು. ಸಂಜೆ ಜನವೆಲ್ಲ ಚದುರಿದ ಮೇಲೆ ನೋಡಿದರೆ ಸೀರೆ ಹಗ್ಗದ ಮೇಲೇ ಇತ್ತು, ಗರಿಗರಿಯಾಗಿ ಒಣಗಿತ್ತು. ತೆಗೆದು ಮಡಿಚಿಟ್ಟೆ. ಅವಳು ನನಗೆಂದು ಬಿಟ್ಟು ಹೋದ ಕೆಲಸ ಅದೊಂದೇ.